ನನ್ನ ಓರಗಿತ್ತಿಯ ಗೊಬ್ಬರ ವಾಪಸ್ ಕೊಡಿ

ನಗರ ನೈರ್ಮಲ್ಯಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನನ್ನ ಓರಗಿತ್ತಿಯ ನಾಲ್ಕು ತೊಟ್ಟಿ ಗೊಬ್ಬರವನ್ನು ನೀವು ಜಪ್ತಿ ಮಾಡಿದ್ದು ತಪ್ಪು. ಆಕೆಯ ತರಕಾರಿ ತಾಕಿನ ಪರವಾನಗಿ ರದ್ದು ಮಾಡಿದ್ದು ಅದಕ್ಕಿಂತ ದೊಡ್ಡ ತಪ್ಪು. ಇಷ್ಟು ಖಚಿತವಾಗಿ ಹೇಳಲು ನನಗೆ ಕಾರಣವಿದೆ. ಯಾವ ದೂರನ್ನು ನಂಬಿ ನೀವು ಈ ಕ್ರಮ ಕೈಗೊಂಡಿರೋ ಆ ದೂರನ್ನು ಬರೆದವಳು ನಾನೇ. ದಿನಾಂಕವೊಂದನ್ನು ಬಿಟ್ಟರೆ ಅದರಲ್ಲಿ ನಿಜವಾದ ಮಾತು ಒಂದೂ ಇರಲಿಲ್ಲ.

ಮೊದಲು ನಿಮ್ಮ ಇಲಾಖೆಯ ದಕ್ಷತೆಯನ್ನು ಮೆಚ್ಚಿ ಎರಡು ಮಾತು ಹೇಳುತ್ತೇನೆ. ನಮ್ಮ ಬೀದಿಯ ಚರಂಡಿ ಕಟ್ಟಿಕೊಂಡಿದೆಯೆಂದು ನಾನು ನಿಮಗೆ ನಾಲ್ಕು ಪತ್ರ ಬರೆದಿದ್ದೇನೆ. ನೀರಿನ ತೊಟ್ಟಿಯ ಮುಚ್ಚಳ ಒಡೆದು ಹಕ್ಕಿಗಳು ಒಳಗೆ ಬೀಳುತ್ತಿವೆಯೆಂದು ಎರಡು. ಎಲ್ಲದಕ್ಕೂ ನನ್ನ ಸಹಿ, ಮನೆ ಸಂಖ್ಯೆ, ದೂರವಾಣಿ ಸಂಖ್ಯೆ ಇತ್ತು. ಚರಂಡಿ ಇವತ್ತಿಗೂ ಕಟ್ಟಿಕೊಂಡೇ ಇದೆ. ಆದರೆ ‘ಒಬ್ಬ ನೊಂದ ನಾಗರಿಕ’ ಎಂಬ ಹೆಸರಿನಲ್ಲಿ, ವಿಳಾಸವಿಲ್ಲದೆ, ಒಂದು ಸುಳ್ಳು ದೂರು ಬರೆದು ಅಂಚೆಗೆ ಹಾಕಿದೆ ನೋಡಿ, ಮೂರನೆಯ ದಿನಕ್ಕೆ ನಿಮ್ಮ ಲಾರಿ ಬಂದು ನಿಂತಿತು. ಹೆಸರಿದ್ದವರ ನಿಜಕ್ಕಿಂತ ಹೆಸರಿಲ್ಲದವರ ಸುಳ್ಳಿನ ಮೇಲೆ ನಿಮ್ಮ ಕಚೇರಿಗೆ ಇಷ್ಟೊಂದು ವಿಶ್ವಾಸ ಏಕೆ? ನಿಮ್ಮಂಥದೇ ಒಂದು ಕಚೇರಿಯಲ್ಲಿ ಮೂವತ್ತೊಂದು ವರ್ಷ ಬೆರಳಚ್ಚುಗಾರ್ತಿಯಾಗಿದ್ದವಳು ನಾನು. ನನಗೂ ಉತ್ತರ ಗೊತ್ತಿಲ್ಲ.

ಆದರೆ ಯಾವ ಪದ ಹಾಕಿದರೆ ಕಡತ ಮೇಜಿನಿಂದ ಮೇಜಿಗೆ ಓಡುತ್ತದೆ ಎನ್ನುವುದು ಮಾತ್ರ ಚೆನ್ನಾಗಿ ಗೊತ್ತಿತ್ತು. ‘ವಾಸನೆ’ ಎಂದರೆ ಯಾರೂ ಏಳುವುದಿಲ್ಲ, ‘ಅಸಹನೀಯ ದುರ್ನಾತ’ ಎಂದರೆ ಏಳುತ್ತಾರೆ. ‘ಮಕ್ಕಳು ಆಡುವ ಜಾಗ’ ಎಂದು ಸೇರಿಸಿದರೆ ಚಪ್ಪಲಿ ಮೆಟ್ಟುತ್ತಾರೆ. ‘ಮುಂದಿನ ಅನಾಹುತಕ್ಕೆ ಇಲಾಖೆಯೇ ಹೊಣೆ’ ಎಂದು ಮುಗಿಸಿದರೆ ಲಾರಿಯನ್ನೇ ತರುತ್ತಾರೆ. ಮೂರನ್ನೂ ಬಳಸಿದೆ.

ಏಕೆ ಬಳಸಿದೆ ಎಂದು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ನೀರಿನ ಟ್ಯಾಂಕಿನ ಹಿಂದಿನ ಖಾಲಿ ಜಾಗವನ್ನು ನಗರಾಡಳಿತ ಹದಿನಾಲ್ಕು ತಾಕುಗಳಾಗಿ ವಿಂಗಡಿಸಿ ತರಕಾರಿ ಬೆಳೆಯಲು ನಿವಾಸಿಗಳಿಗೆ ಕೊಟ್ಟಿರುವುದು ನಿಮಗೆ ತಿಳಿದಿದೆ. ಏಳನೆಯದು ನನ್ನದು. ನಿವೃತ್ತಿಯಾದ ತಿಂಗಳೇ ಹಿಡಿದೆ, ಈಗ ಒಂಬತ್ತು ವರ್ಷ. ಅಂಗಡಿಯ ಗೊಬ್ಬರದ ಚೀಲದ ಮೇಲೆ ಬರೆದಿದ್ದನ್ನು ಅಕ್ಷರ ಬಿಡದೆ ಓದಿ, ಅಳತೆ ತಪ್ಪದೆ ಹಾಕಿ, ಟೊಮೆಟೊ, ಬೀನ್ಸ್, ಕೊತ್ತಂಬರಿ ಬೆಳೆಯುತ್ತಿದ್ದೆ. ಬೆಳೆ ಮಹಾ ಎನ್ನುವಂತಿರದಿದ್ದರೂ ಮರ್ಯಾದೆಯಾಗಿ ಬರುತ್ತಿತ್ತು. ಮೂರನೇ ತಾಕಿನ ದಾದಿ, ಹತ್ತನೇ ತಾಕಿನ ನಿವೃತ್ತ ಅಂಚೆಯವರು, ಎಲೆ ಹಳದಿಯಾದರೆ ನನ್ನನ್ನೇ ಕೇಳಲು ಬರುತ್ತಿದ್ದರು. ನಾನು ಕನ್ನಡಕ ಏರಿಸಿಕೊಂಡು ಎಲೆ ತಿರುಗಿಸಿ ನೋಡಿ ಏನಾದರೂ ಹೇಳುತ್ತಿದ್ದೆ. ಆ ಹೊತ್ತು ನನಗೆ ಎಷ್ಟು ಹಿತವಾಗಿರುತ್ತಿತ್ತು ಎಂದು ಈಗ ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ.

ಎರಡು ವರ್ಷದ ಹಿಂದೆ ಎಂಟನೆಯ ತಾಕು ನನ್ನ ಓರಗಿತ್ತಿಗೆ ಸಿಕ್ಕಿತು. ನನ್ನ ಮೈದುನನ ಹೆಂಡತಿ. ಮನೆಯಲ್ಲಿ ನಾನು ದೊಡ್ಡವಳು, ಅವಳು ಚಿಕ್ಕವಳು. ಮಹಡಿಯಲ್ಲಿ ಅವರು, ಕೆಳಗೆ ನಾವು, ಅತ್ತೆ ನಮ್ಮ ಜೊತೆ. ಚಿಕ್ಕವಳಿಗೆ ಆಸ್ಪತ್ರೆಯ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ಕೆಲಸ. ಓದಿದ್ದು ಏಳನೇ ತರಗತಿ. ಎಂಟನೆಯ ತಾಕಿನಲ್ಲಿ ಆಗ ಮಣ್ಣಿಗಿಂತ ಇಟ್ಟಿಗೆ ಚೂರೇ ಹೆಚ್ಚಿತ್ತು. ಪಾಪ, ಒಂದು ಬೆಳೆ ತೆಗೆದು ಸಾಕಾಗಿ ಬಿಡುತ್ತಾಳೆ ಎಂದುಕೊಂಡೆ. ‘ಪಾಪ’ ಎಂದುಕೊಳ್ಳುವಾಗ ನನಗೆ ಅವಳ ಮೇಲೆ ನಿಜವಾಗಿಯೂ ಪ್ರೀತಿ ಇತ್ತು, ಅದನ್ನು ದಾಖಲಿಸಿಕೊಳ್ಳಿ.

ಅವಳು ಗಿಡವನ್ನೇ ನೆಡಲಿಲ್ಲ. ಹಣ್ಣಿನ ಪೆಟ್ಟಿಗೆಗಳ ಪಟ್ಟಿಗಳನ್ನು ಹೊಡೆದು ನಾಲ್ಕು ತೊಟ್ಟಿ ಮಾಡಿದಳು. ಆಸ್ಪತ್ರೆಯಿಂದ ದಿನಾ ಒಂದು ಬಕೆಟ್ ಕ್ಯಾರೆಟ್ ಸಿಪ್ಪೆ, ಎಲೆಕೋಸಿನ ಹೊರಗಿನ ಎಲೆ, ಬಟಾಣಿಯ ಸಿಪ್ಪೆ ತಂದಳು. ಬೀದಿ ಗುಡಿಸುವಾಕೆಯಿಂದ ಒಣಗಿದ ಎಲೆ, ಬಡಗಿಯಿಂದ ಮರದ ಹೊಟ್ಟು, ಬೇಕರಿಯಿಂದ ಖರ್ಜೂರದ ಬೀಜ ಸೇರಿದ ಕಸ. ಒಂದು ಪದರ ಹಸಿ, ಅದರ ಮೇಲೆ ಎರಡು ಪದರ ಒಣದ್ದು, ಮೇಲೊಂದಿಷ್ಟು ಮಣ್ಣು. ವಾರಕ್ಕೊಮ್ಮೆ ಕವೆಗೋಲಿನಿಂದ ಮಗುಚುತ್ತಿದ್ದಳು. ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಹಿಂಡಿ ನೋಡುತ್ತಿದ್ದಳು, ಬೆರಳ ಸಂದಿಯಿಂದ ಒಂದೆರಡು ಹನಿ ಬಂದರೆ ಸರಿ, ಸೋರಿದರೆ ಇನ್ನಷ್ಟು ಒಣ ಎಲೆ. ಬೆಳಗಿನ ಚಳಿಯಲ್ಲಿ ಆ ತೊಟ್ಟಿಗಳಿಂದ ಹಬೆ ಏಳುತ್ತಿತ್ತು. ಐದು ತಿಂಗಳಿಗೆ ಸಿಪ್ಪೆ ಯಾವುದು ಎಲೆ ಯಾವುದು ತಿಳಿಯದಂತೆ ಎಲ್ಲ ಒಂದೇ ಕಪ್ಪು ಪುಡಿಯಾಯಿತು. ಅದನ್ನು ಜರಡಿ ಹಿಡಿದು ಖರ್ಜೂರದ ಬೀಜ ಆರಿಸಿ ತೆಗೆದು, ಆಮೇಲೆ ಬೀಜ ಬಿತ್ತಿದಳು.

ನಂತರ ಆದದ್ದನ್ನು ವಿವರಿಸಲು ನನಗೆ ಇಂದಿಗೂ ಸಂಕಟ. ಅವಳ ಬದನೆ ಗಿಡ ನನ್ನ ಸೊಂಟಕ್ಕೆ ಬಂತು. ಬೀನ್ಸ್ ಬಳ್ಳಿ ಕೋಲು ಮುಗಿಸಿ ಬೇಲಿ ಹತ್ತಿತು, ಬೇಲಿಯಿಂದ ನನ್ನ ಕಡೆಗೂ ಇಳಿದು ಕಾಯಿ ಬಿಟ್ಟಿತು. ನನ್ನ ತಾಕಿನಲ್ಲಿ ನನ್ನ ಬಳ್ಳಿಗಿಂತ ಅವಳ ಬಳ್ಳಿಯ ಕಾಯಿ ಹೆಚ್ಚು. ಬೀನ್ಸಿನ ವಿಷಯ ಹೋಗಲಿ, ಸೊಪ್ಪು ಬಂತು ನೋಡಿ, ಪುದೀನ, ಸಬ್ಬಸಿಗೆ, ಕೊತ್ತಂಬರಿ, ಅಲ್ಲಿ ನಾನು ಸೋತೆ. ದಾದಿ ಒಂದು ದಿನ ಅವಳ ಪಾತಿಯ ಮುಂದೆ ಕೂತು ಕೇಳುತ್ತಿದ್ದಳು, “ಬದನೆಗೆ ಅಷ್ಟು ಗೊಬ್ಬರ ಹಾಕಿದ್ದೀಯ, ಪುದೀನಕ್ಕೆ ಯಾಕೆ ಇಷ್ಟೇ?”

“ಸೊಪ್ಪಿಗೆ ಜಾಸ್ತಿ ಉಣಿಸಬಾರದು,” ಎಂದಳು ಚಿಕ್ಕವಳು. “ಎಲೆ ಅಗಲವಾಗುತ್ತೆ, ಘಮ ಹೋಗುತ್ತೆ. ಒಂದು ಬೆರಳು ದಪ್ಪ ಸಾಕು. ಬದನೆ, ಟೊಮೆಟೊ ಹೊಟ್ಟೆಬಾಕ, ಅವಕ್ಕೆ ಬುಡದ ಸುತ್ತ ಎಷ್ಟಾದರೂ ಹಾಕಿ. ಆದರೆ ಕಾಂಡಕ್ಕೆ ತಾಗಿಸಬೇಡಿ.”

ದಾದಿ ತಲೆಯಾಡಿಸಿದಳು. ಎಂಟು ಹೆಜ್ಜೆ ದೂರದಲ್ಲಿ ನಾನು ನೀರಿನ ಕ್ಯಾನು ಹಿಡಿದು ನಿಂತಿದ್ದೆ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಆಮೇಲೆ ಯಾರೂ ಎಲೆ ಹಿಡಿದು ನನ್ನ ಬಳಿ ಬರಲಿಲ್ಲ. ಅಂಚೆಯವರು ಚಿಕ್ಕವಳಿಗೆ ‘ಗೊಬ್ಬರದಕ್ಕ’ ಎಂದು ಹೆಸರಿಟ್ಟರು. ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರು ಅವಳನ್ನು ಅಕ್ಕ ಎನ್ನುವುದು, ಅವಳು ನಗುವುದು.

ಮನೆಯಲ್ಲಾದರೂ ನೆಮ್ಮದಿ ಇತ್ತೇ? ನಮ್ಮ ಅತ್ತೆ ಊಟದ ಬಗ್ಗೆ ಮಾತಾಡುವವರಲ್ಲ. ಇಪ್ಪತ್ತೆಂಟು ವರ್ಷ ನಾನು ಬಡಿಸಿದ್ದನ್ನು ಉಂಡು ಕೈ ತೊಳೆದಿದ್ದಾರೆ. ಚೆನ್ನಾಗಿದೆ ಎಂದಿಲ್ಲ, ಚೆನ್ನಾಗಿಲ್ಲ ಎಂದೂ ಇಲ್ಲ. ಅದು ಅವರ ಸ್ವಭಾವ ಎಂದು ನಾನು ಒಪ್ಪಿಕೊಂಡಿದ್ದೆ. ಒಂದು ಮಧ್ಯಾಹ್ನ ಚಿಕ್ಕವಳು ಮೇಲಿನಿಂದ ಒಂದು ಕಟ್ಟು ಕೊತ್ತಂಬರಿ ತಂದು ಮೇಜಿನ ಮೇಲಿಟ್ಟು ಹೋದಳು. ಅತ್ತೆ ಅದನ್ನು ಎತ್ತಿ ಮೂಗಿಗೆ ಹಿಡಿದು ಕಣ್ಣು ಮುಚ್ಚಿದರು.

“ಕೊತ್ತಂಬರಿ ಅಂದ್ರೆ ಇದು,” ಎಂದರು.

“ಹಾಗಾದ್ರೆ ಇಷ್ಟು ವರ್ಷ ನಾನು ತಂದಿದ್ದು ಏನು?” ಎಂದೆ.

“ಅದೂ ಹಸಿರಾಗೇ ಇತ್ತು,” ಎಂದರು ಅತ್ತೆ.

ನಮ್ಮ ಯಜಮಾನರು ನಕ್ಕರು. ನಕ್ಕಿದ್ದು ಸಾಲದೆಂದು, “ಹೋಗಿ ಅವಳ ಹತ್ರ ಒಂದಿಷ್ಟು ಕಲಿತುಕೊಳ್ಳಬಾರದಾ?” ಎಂದರು. ಮಾನ್ಯರೇ, ನಿಮಗೆ ಎಂದಾದರೂ ಹೊಟ್ಟೆ ಉರಿದಿದೆಯೇ? ಊಟ ಮಾಡಿದರೆ ಶಮನವಾಗುವ ಉರಿಯಲ್ಲ ಅದು. ಅವಳ ಕೊತ್ತಂಬರಿ ಬಿದ್ದ ಅಡುಗೆಯನ್ನು ನಾನೂ ಉಂಡೆ. ರುಚಿಯಾಗಿತ್ತು. ರುಚಿಯಾಗಿದ್ದಷ್ಟೂ ಉರಿ ಹೆಚ್ಚಾಯಿತು.

ಕಲಿತುಕೊಳ್ಳಲು ಹೋಗಲಿಲ್ಲ, ಕದ್ದು ನೋಡಿ ಕಲಿಯಲು ಹೊರಟೆ. ನನ್ನ ತಾಕಿನ ಮೂಲೆಯಲ್ಲಿ, ಉಪಕರಣಗಳ ಗೂಡಿನ ಹಿಂದೆ, ಒಂದು ನೀಲಿ ಪ್ಲಾಸ್ಟಿಕ್ ಡ್ರಮ್ ಇಟ್ಟು ಮನೆಯ ತರಕಾರಿ ಸಿಪ್ಪೆಯನ್ನೆಲ್ಲ ಸುರಿದೆ. ಮಾರುಕಟ್ಟೆಯಲ್ಲಿ ಬಿದ್ದಿದ್ದ ಎಲೆಕೋಸು, ಹೂಕೋಸು ಆರಿಸಿ ತಂದು ತುರುಕಿದೆ. ಒಣ ಎಲೆ ಕೇಳಲು ಬೀದಿ ಗುಡಿಸುವಾಕೆಯ ಬಳಿ ಹೋದರೆ ಸುದ್ದಿ ಚಿಕ್ಕವಳಿಗೆ ಮುಟ್ಟುತ್ತದೆಂದು ಹೋಗಲಿಲ್ಲ. ಯಾರಿಗೂ ಕಾಣಬಾರದೆಂದು ಮುಚ್ಚಳ ಬಿಗಿದೆ. ಮಗುಚಲೂ ಇಲ್ಲ, ಮಗುಚಿದರೆ ಕಾಣುತ್ತಿತ್ತಲ್ಲ. ಆರನೆಯ ವಾರ ಮುಚ್ಚಳ ಎತ್ತಿದಾಗ ಒಳಗೆ ಇದ್ದದ್ದು ಗೊಬ್ಬರವಲ್ಲ. ಬಣ್ಣ ಹೇಳಲಾರೆ. ನಾತಕ್ಕೆ ಕಣ್ಣಲ್ಲಿ ನೀರು ಬಂತು. ಮತ್ತೆ ಮುಚ್ಚಿ ಮೇಲೊಂದು ಕಲ್ಲು ಹೇರಿದೆ. ಬೇಲಿಯಾಚೆ ಚಿಕ್ಕವಳು ತೊಟ್ಟಿಯ ಮುಂದೆ ಮಂಡಿಯೂರಿ ಒಂದು ಹಿಡಿ ಗೊಬ್ಬರವನ್ನು ಮೂಸಿ ನೋಡುತ್ತಿದ್ದಳು, ಹೊಸ ಮಳೆ ಬಿದ್ದ ಮಣ್ಣಿನ ವಾಸನೆ ನನ್ನವರೆಗೂ ಬಂತು. ಅಂದು ಸಂಜೆ ಮನೆಗೆ ಹೋಗಿ ನಿಮಗೆ ಆ ಪತ್ರ ಬರೆದೆ.

ಈಗ ನಿಮ್ಮ ಪರಿಶೀಲನೆಯ ವಿಷಯಕ್ಕೆ ಬರುತ್ತೇನೆ. ನಿಮ್ಮ ಪರಿವೀಕ್ಷಕರು ಬಂದರು, ಜೊತೆಗೆ ಇಬ್ಬರು ಕೆಲಸಗಾರರು. ಎಂಟನೆಯ ತಾಕಿನ ಮುಂದೆ ನಿಂತು ಮೂಗು ಹಿಡಿದುಕೊಂಡರು. ‘ದುರ್ನಾತ ದೃಢಪಟ್ಟಿದೆ’ ಎಂದು ಬರೆದುಕೊಂಡರು. ದೃಢಪಟ್ಟಿತ್ತು, ನಿಜ. ನಾಲ್ಕು ಅಡಿ ಆಚೆ ನನ್ನ ಡ್ರಮ್ಮಿನ ಮುಚ್ಚಳದ ಸಂದಿಯಿಂದ ಬರುತ್ತಿತ್ತು. ಸ್ವಲ್ಪ ಕತ್ತು ತಿರುಗಿಸಿದ್ದರೆ ಸಾಕಿತ್ತು. ದೂರಿನಲ್ಲಿ ಎಂಟು ಎಂದಿದ್ದುದರಿಂದ ಅವರು ಏಳರ ಕಡೆ ಮೂಗು ತಿರುಗಿಸಲಿಲ್ಲ. ಚಿಕ್ಕವಳು ಒಂದು ಹಿಡಿ ಗೊಬ್ಬರ ತೆಗೆದು ಅವರ ಮುಂದೆ ಹಿಡಿದಳು. “ಸಾರ್, ಇದನ್ನೊಮ್ಮೆ ಮೂಸಿ ನೋಡಿ. ಇದು ನಾತ ಅಲ್ಲ.” ಅವರು ಕೈ ಅಡ್ಡ ಹಿಡಿದು, “ಹುಳ ಇದೆ, ಬರ್ಕೊಳ್ಳಿ,” ಎಂದರು. “ಎರೆಹುಳ ಸಾರ್,” ಎಂದಳು. “ಹುಳ ಹುಳಾನೇ,” ಎಂದರು.

ನಾಲ್ಕೂ ತೊಟ್ಟಿಯನ್ನು ಲಾರಿಗೆ ತುಂಬಿದರು. ಎರಡು ವರ್ಷದ ಕೆಲಸ ಅರ್ಧ ಗಂಟೆಯಲ್ಲಿ ಹೋಯಿತು. ನಾನು ಗೂಡಿನ ಬಳಿ ನಿಂತಿದ್ದೆ. ಖುಷಿಯಾಯಿತೇ ಎಂದು ಕೇಳಿದರೆ ಮೊದಲ ತೊಟ್ಟಿ ಎತ್ತುವಾಗ ಆಯಿತು. ಎರಡನೆಯದಕ್ಕೆ ಚಿಕ್ಕವಳು ತಾನೇ ಕೈ ಜೋಡಿಸಿ, “ನಿಧಾನ ಅಣ್ಣ, ಪಟ್ಟಿ ಮುರಿಯುತ್ತೆ,” ಎಂದು ಕೆಲಸಗಾರನಿಗೆ ಹೇಳಿದಳು. ಆಮೇಲೆ ನೋಡಲಾಗಲಿಲ್ಲ.

ಮಾರನೆಯ ದಿನ ನಿಮ್ಮ ನೋಟಿಸು ಹಿಡಿದು ಅವಳು ಕೆಳಗೆ ಬಂದಳು. ಪರವಾನಗಿ ರದ್ದು, ಆಕ್ಷೇಪಣೆ ಇದ್ದರೆ ಹದಿನೈದು ದಿನ. “ಅಕ್ಕ, ಇದಕ್ಕೆ ಉತ್ತರ ಬರೆದುಕೊಡ್ತೀರಾ? ಮನೆಯಲ್ಲಿ ಇಂಥದ್ದು ನಿಮ್ಮಷ್ಟು ಚೆನ್ನಾಗಿ ಯಾರಿಗೆ ಬರುತ್ತೆ?”

ಬರೆದುಕೊಟ್ಟೆ. ನನ್ನಿಂದಾದಷ್ಟು ಚೆನ್ನಾಗಿ ಬರೆದೆ, ದೇವರಾಣೆ. ಆದರೆ ಒಂದು ಪತ್ರದಲ್ಲಿ ಸುಳ್ಳನ್ನು ಬಿಗಿಯಾಗಿ ಕಟ್ಟಿದವಳಿಗೆ ಅದನ್ನು ಮತ್ತೊಂದು ಪತ್ರದಲ್ಲಿ ಬಿಚ್ಚುವುದು ಆಗಲಿಲ್ಲ. ಬಿಚ್ಚಬೇಕಾದ ಗಂಟು ಒಂದೇ, ಡ್ರಮ್ಮಿನದು. ಅದನ್ನೊಂದು ಬಿಟ್ಟು ಉಳಿದದ್ದೆಲ್ಲ ಬರೆದಿದ್ದೆ.

ವಿಚಾರಣೆಯ ದಿನ ನಾವಿಬ್ಬರೂ ನಿಮ್ಮ ಕಚೇರಿಗೆ ಬಂದೆವು. ನೀವು ಇರಲಿಲ್ಲ. ಗುಮಾಸ್ತರು ಕಡತ ತೆಗೆದು ನನ್ನ ದೂರನ್ನು ಗಟ್ಟಿಯಾಗಿ ಓದಿದರು. ಓದಿ ಮುಗಿಸಿ, “ಎಷ್ಟು ಸೊಗಸಾಗಿ ಬರೆದಿದ್ದಾರೆ. ಈಗಿನ ಕಾಲದಲ್ಲಿ ಇಂಥ ಭಾಷೆ ಯಾರು ಬರೀತಾರೆ,” ಎಂದರು. ಆ ಕ್ಷಣ ನನ್ನ ಎದೆ ಉಬ್ಬಿತು. ಪಕ್ಕದಲ್ಲಿ ಕೂತ ಚಿಕ್ಕವಳ ಕಣ್ಣು ತುಂಬಿತ್ತು, ನನ್ನ ಎದೆ ಉಬ್ಬಿತ್ತು. ನನ್ನ ಬಗ್ಗೆ ಇದಕ್ಕಿಂತ ಕೆಟ್ಟದ್ದನ್ನು ನಾನು ಎಂದೂ ಬರೆಯಲಾರೆ.

“ಮೂರು ತೊಟ್ಟಿ ಜಪ್ತಿ, ಮೂರೂ ನಾಶಪಡಿಸಲಾಗಿದೆ,” ಎಂದು ಗುಮಾಸ್ತರು ಮುಂದೆ ಓದಿದರು.

“ನಾಲ್ಕು,” ಎಂದಳು ಚಿಕ್ಕವಳು.

“ದಾಖಲೆಯಲ್ಲಿ ಮೂರೇ ಇದೆಯಮ್ಮ.”

“ನಾಲ್ಕನೆಯದು ಇನ್ನೂ ಜರಡಿ ಹಿಡಿದಿರಲಿಲ್ಲ ಸಾರ್. ನಾನೇ ಲಾರಿಗೆ ಎತ್ತಿಕೊಟ್ಟೆ.”

“ದಾಖಲೆ ಮೂರು ಅನ್ನುತ್ತೆ. ಆಕ್ಷೇಪಣೆ ವಜಾ.”

ಹೊರಗೆ ಬಂದೆವು. ನಿಮ್ಮ ಕಚೇರಿಯ ಮೆಟ್ಟಿಲ ಎರಡೂ ಬದಿ ಸಾಲಾಗಿ ಹೂವಿನ ಕುಂಡಗಳಿವೆಯಲ್ಲ, ಚಿಕ್ಕವಳು ಅಲ್ಲಿ ನಿಂತುಬಿಟ್ಟಳು. ಬಗ್ಗಿ ಒಂದು ಕುಂಡದ ಕಪ್ಪು ಮಣ್ಣಿಗೆ ಬೆರಳು ಹಾಕಿದಳು. ಒಂದು ಖರ್ಜೂರದ ಬೀಜ ತೆಗೆದಳು. ಪಕ್ಕದ ಕುಂಡದಿಂದ ಇನ್ನೆರಡು. ಮೂರನೆಯದರಲ್ಲಿ ಹೂವಿನ ಗಿಡದ ಬುಡದಲ್ಲಿ ಒಂದು ಟೊಮೆಟೊ ಸಸಿ ಎದ್ದಿತ್ತು. ನೀರು ಹಾಕುತ್ತಿದ್ದ ಜವಾನರು, “ಮುಟ್ಟಬೇಡಿ ತಾಯಿ, ಸಾಹೇಬರ ಗಿಡ,” ಎಂದರು.

“ಮಣ್ಣು ಎಲ್ಲಿಂದ ತಂದ್ರಿ?” ಎಂದು ನಾನು ಕೇಳಿದೆ.

“ಎಲ್ಲೋ ಜಪ್ತಿ ಮಾಡಿದ್ದಂತೆ. ಚೆನ್ನಾಗಿದೆ, ನೋಡಿ ಹೂವು ಹೇಗೆ ಬಿಟ್ಟಿದೆ.”

ಸಾರ್ವಜನಿಕ ಆರೋಗ್ಯಕ್ಕೆ ಅಪಾಯಕಾರಿಯಾದ ವಸ್ತು ನಿಮ್ಮ ಕಿಟಕಿಯ ಕೆಳಗೆ ಹೂವಾಗಿ ಅರಳಿದ್ದು ಹೇಗೆ ಮಾನ್ಯರೇ? ನಿಮ್ಮ ಪರಿವೀಕ್ಷಕರ ಮೂಗಿಗೆ ಎಂಟನೆಯ ತಾಕಿನಲ್ಲಿ ಬಡಿದ ದುರ್ನಾತ ನಿಮ್ಮ ಮೆಟ್ಟಿಲ ಮೇಲೆ ಬಡಿಯುವುದಿಲ್ಲವೇ? ಅಥವಾ ಗೊಬ್ಬರದ ಗುಣ ಅದರ ಒಡೆಯರ ಹುದ್ದೆಯನ್ನು ನೋಡಿ ಬದಲಾಗುತ್ತದೆಯೇ? ನಾನು ಹೊಟ್ಟೆಕಿಚ್ಚಿನಿಂದ ಸುಳ್ಳು ಹೇಳಿದೆ. ನೀವು ಯಾವುದರಿಂದ ಮೂರನ್ನು ಬರೆದು ನಾಲ್ಕನ್ನು ಎತ್ತಿದಿರಿ?

ಚಿಕ್ಕವಳು ದಾರಿಯುದ್ದಕ್ಕೂ ಬೀಜಗಳನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ಮನೆಗೆ ಬಂದ ಮೇಲೆ ನಾನು ಅವಳ ಹಿಂದೆಯೇ ಮಹಡಿ ಹತ್ತಿದೆ. ಅವಳು ಬಟಾಣಿ ಸುಲಿಯಲು ಕೂತಳು. ನಿಂತೇ ಹೇಳಿದೆ, ದೂರು ಬರೆದವಳು ನಾನು ಎಂದು. ಡ್ರಮ್ಮಿನ ವಿಷಯವನ್ನೂ ಹೇಳಿದೆ. ಅವಳ ಕೈ ನಿಲ್ಲಲಿಲ್ಲ. ಸುಲಿಯುತ್ತಲೇ ಕೇಳಿದಳು, “ಒಣ ಎಲೆ ಹಾಕಿರಲಿಲ್ವಾ?”

“ಇಲ್ಲ.”

“ಮುಚ್ಚಳ?”

“ಬಿಗಿಯಾಗಿ ಹಾಕಿದ್ದೆ.”

“ಗಾಳಿ ಇಲ್ಲದೆ ಇನ್ನೇನಾಗುತ್ತೆ,” ಎಂದಳು. ಇನ್ನೊಂದು ಕಾಯಿ ಸುಲಿದಳು. “ನನ್ನ ಕೇಳಿದ್ರೆ ಹೇಳಿಕೊಡ್ತಿರಲಿಲ್ವಾ ಅಕ್ಕ?”

“ನೀನು ಹೇಳಿಕೊಡ್ತಿದ್ದೆ. ಅದಕ್ಕೇ ನಾನು ಕೇಳಲಿಲ್ಲ.”

ಆಗ ಅವಳು ತಲೆಯೆತ್ತಿದಳು. “ಈಗ ಕೆಳಗೆ ಹೋಗಿ. ಇವತ್ತು ನಿಮ್ಮ ಮುಖ ನೋಡೋಕೆ ನನ್ನಿಂದ ಆಗಲ್ಲ,” ಎಂದಳು. ಅವಳ ದನಿ ಏರಲಿಲ್ಲ. ಏರಿದ್ದರೆ ನನಗೆ ಮೆಟ್ಟಿಲು ಇಳಿಯುವುದು ಸುಲಭವಾಗುತ್ತಿತ್ತು.

ಹನ್ನೊಂದು ದಿನ ಮಾತಿಲ್ಲ. ಮನೆಯಲ್ಲಿ ನಾನೇ ಎಲ್ಲರಿಗೂ ಹೇಳಿದೆ. ನಮ್ಮ ಯಜಮಾನರು ನಗಲಿಲ್ಲ. ಅತ್ತೆ ಎರಡು ಹೊತ್ತು ಊಟ ಮಹಡಿಯಲ್ಲಿ ಮಾಡಿದರು. ಹನ್ನೆರಡನೆಯ ದಿನ ಬೆಳಿಗ್ಗೆ ನಾನು ತಾಕಿಗೆ ಹೋದಾಗ ಚಿಕ್ಕವಳು ಕವೆಗೋಲು ಹಿಡಿದು ಏಳನೆಯ ತಾಕಿನಲ್ಲಿ, ಅಂದರೆ ನನ್ನದರಲ್ಲಿ, ನಿಂತಿದ್ದಳು. ಡ್ರಮ್ಮನ್ನು ಮಗುಚಿ ಹಾಕಿದ್ದಳು. ಬಾಯಿ ಮೂಗಿಗೆ ಸೀರೆಯ ಸೆರಗು ಕಟ್ಟಿಕೊಂಡು ಆ ರಾಡಿಯನ್ನು ಒಣ ಎಲೆ, ಮರದ ಹೊಟ್ಟಿನೊಂದಿಗೆ ಕಲಸುತ್ತಿದ್ದಳು.

“ನನ್ನ ತಾಕು ಹೋಯ್ತು. ಆಸ್ಪತ್ರೆ ಸಿಪ್ಪೆ ದಿನಾ ಬರ್ತಾನೇ ಇದೆ, ಎಲ್ಲಿಗಾದ್ರೂ ಹಾಕಬೇಕಲ್ಲ,” ಎಂದಳು, ನನ್ನ ಕಡೆ ನೋಡದೆ. “ಆ ಚೀಲ ಹಿಡಿದುಕೊಳ್ಳಿ.”

ಹಿಡಿದುಕೊಂಡೆ. ಅದು ಕ್ಷಮೆಯಲ್ಲ, ನಾನು ಹಾಗೆಂದು ಭಾವಿಸಿಯೂ ಇಲ್ಲ. ಈಗ ನಾವು ಗೊಬ್ಬರದ ವಿಷಯ ಬಿಟ್ಟು ಬೇರೇನೂ ಮಾತಾಡುವುದಿಲ್ಲ. ಈ ಪತ್ರವನ್ನು ಅವಳಿಗೆ ಓದಿ ಹೇಳಿದೆ. “ಪೇಪರಿಗೆ ಕಳಿಸಿ. ನಿಮ್ಮ ಹೆಸರು ಹಾಕಿದ್ರೆ ನನ್ನ ಹೆಸರೂ ಊರಿಗೆ ಗೊತ್ತಾಗುತ್ತೆ, ಅದೊಂದು ಬೇಡ,” ಎಂದಳು. ಹಾಗಾಗಿ ಹೆಸರನ್ನು ಪತ್ರಿಕೆಯವರಿಗೆ ಕೊಟ್ಟಿದ್ದೇನೆ. ನಿಮಗೆ ಬೇಕಾದರೆ ಅವರಿಂದ ಪಡೆದು ಸುಳ್ಳು ದೂರಿನ ಶಿಕ್ಷೆಯನ್ನು ನನಗೆ ವಿಧಿಸಿ. ಏಳನೆಯ ತಾಕನ್ನು ಕಿತ್ತುಕೊಳ್ಳಿ, ತಕರಾರಿಲ್ಲ.

ನನ್ನ ಬೇಡಿಕೆ ಇಷ್ಟು. ಎಂಟನೆಯ ತಾಕಿನ ಪರವಾನಗಿಯನ್ನು ಚಿಕ್ಕವಳಿಗೆ ಕೂಡಲೇ ಮರಳಿ ಕೊಡಿ. ನಾಶಪಡಿಸಿದ ಮೂರು ತೊಟ್ಟಿಗೆ ಬದಲಾಗಿ ನಗರದ ಉದ್ಯಾನಗಳಲ್ಲಿ ಗುಡಿಸಿ ಸುಡುವ ಒಣ ಎಲೆಯನ್ನು ಈ ವರ್ಷವಿಡೀ ಅವಳಿಗೆ ತಲುಪಿಸಿ. ನಾಲ್ಕನೆಯ ತೊಟ್ಟಿಯನ್ನು, ಕುಂಡಗಳಲ್ಲಿ ಇರುವಂತೆಯೇ, ಖರ್ಜೂರದ ಬೀಜದ ಸಮೇತ ಹಿಂದಿರುಗಿಸಿ.

ದಯವಿಟ್ಟು ಬೇಗ ಮಾಡಿ. ಇದರಲ್ಲಿ ನ್ಯಾಯದ ಜೊತೆ ನನ್ನ ಸ್ವಾರ್ಥವೂ ಇದೆ. ನಾನು ಕೆಡಿಸಿದ ಆ ರಾಡಿ ಅವಳ ಕೈ ತಾಗಿ ಹದಿನೈದು ದಿನಕ್ಕೆ ಬಿಸಿಯೇರಿದೆ. ನಿನ್ನೆ ಅದರೊಳಗೆ ಕೈ ಇಟ್ಟು ನೋಡಿದೆ, ಸುಟ್ಟಂತಾಯಿತು. ಅವಳು ನನ್ನ ತಾಕಿನಲ್ಲಿ, ನನ್ನ ಕಣ್ಣೆದುರಿಗೆ, ನನ್ನ ಕಸದಿಂದಲೇ ನನಗಿಂತ ಚೆನ್ನಾಗಿ ಮಾಡುತ್ತಿದ್ದಾಳೆ. ಬೇಲಿಯಾಚೆ ನಿಂತು ಹೊಟ್ಟೆ ಉರಿದುಕೊಳ್ಳುವುದು ನನಗೆ ರೂಢಿಯಾಗಿತ್ತು. ಅದೇ ಚೀಲದ ಇನ್ನೊಂದು ತುದಿ ಹಿಡಿದು ಉರಿದುಕೊಳ್ಳುವುದು ಈ ವಯಸ್ಸಿನಲ್ಲಿ ಕಷ್ಟ.

ಇಂತಿ,
ತಮ್ಮ ಕಚೇರಿ ಮೆಚ್ಚಿಕೊಂಡ ಸೊಗಸಾದ ಭಾಷೆಯ,
ಸಪ್ಪೆ ಕೊತ್ತಂಬರಿಯ,
ಏಳನೆಯ ತಾಕಿನ ದೊಡ್ಡವಳು